ಹಿಂದಿನ ಸೀಟಿನ ತಲೆದಿಂಬು

ವಾರವಿಡೀ ಹಾಲಿನ ಸೊಸೈಟಿಗಳಲ್ಲಿ ನಿಂತು ನಿಂತು ನನ್ನ ಬಟ್ಟೆಗೆ, ಚೀಲಕ್ಕೆ, ಕೊನೆಗೆ ಲ್ಯಾಪ್‌ಟಾಪಿನ ವಯರಿಗೂ ಹಸಿಹಾಲಿನ ವಾಸನೆ ಹತ್ತಿಕೊಂಡಿತ್ತು. ಹಾಲಿನಲ್ಲಿ ಕೊಬ್ಬಿನ ಅಂಶ ಎಷ್ಟೆಂದು ಅಳೆದು ಹೇಳುವ ಯಂತ್ರವನ್ನು ಮಾರುವ ಮುಂಬಯಿಯ ಸಣ್ಣ ಕಂಪೆನಿಯೊಂದರಲ್ಲಿ ನನ್ನ ಕೆಲಸ. ಯಂತ್ರವನ್ನು ಕೂಡಿಸಿ, ನಡೆಸಿ ತೋರಿಸಿ, ಅದರ ಮೇಲೆ ಬರುವ ಸಂಶಯಗಳಿಗೆಲ್ಲ ಉತ್ತರ ಕೊಟ್ಟು ಬರಬೇಕು. ಜನ ಹಾಲು ತರುವುದು ಬೆಳಕು ಹರಿಯುವ ಮೊದಲು. ಹಾಗಾಗಿ ಕೊಕ್ಕಡ, ನಾರಾವಿ ಎಂದು ಬೆಳ್ತಂಗಡಿಯ ಲಾಡ್ಜಿನಿಂದ ದಿನಾ ಕತ್ತಲಲ್ಲಿ ಹೊರಟು, ಸಂಜೆಯ ಹಾಲನ್ನೂ ಮುಗಿಸಿ ಕತ್ತಲಲ್ಲೇ ಮರಳುತ್ತಿದ್ದೆ. ಶಾಲೆ, ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಬಂದ ಕಡೆಗೆ ವಾದಿಸಿ ಗೆಲ್ಲುವುದನ್ನು ಕಲಿತವಳು. ಆ ವಾರದ ಕೊನೆಗೆ ಮಾತ್ರ ಯಾರಾದರೂ ಭೂಮಿ ಚಪ್ಪಟೆ ಎಂದಿದ್ದರೂ ಇರಲಿ ಬಿಡಿ ಎನ್ನುವಷ್ಟು ಸುಸ್ತಾಗಿದ್ದೆ.

ಕೊನೆಯ ಕೆಲಸ ಮೂಡುಬಿದಿರೆಯ ಹತ್ತಿರದ ಒಂದು ಸೊಸೈಟಿಯಲ್ಲಿ. ಅಲ್ಲಿಂದ ಸಂಜೆ ನೇರ ವಿಮಾನ ನಿಲ್ದಾಣ, ರಾತ್ರಿಗೆ ಮುಂಬಯಿ. ಟ್ಯಾಕ್ಸಿಗೆ ಹೇಳಿಯೂ ಆಗಿತ್ತು. ಹಿಂದಿನ ದಿನ ಮಾವನ ಫೋನು ಬಂತು.

ಮಾವ ಎಂದರೆ ಅಮ್ಮನ ಅಣ್ಣ. ಮನೆ ಬಂಟ್ವಾಳದ ಪಕ್ಕದ ನರಿಕೊಂಬಿನಲ್ಲಿ. ನಮ್ಮ ಕುಟುಂಬದಲ್ಲಿ ತಂಗಿಯ ಮಕ್ಕಳಿಗೆ ಸೋದರಮಾವನ ಮನೆಯೇ ಮನೆ. ಮಾವನ ಎದುರು ನಿಂತು ಮಾತಾಡುವ ಅಧಿಕಾರವೂ ನಮಗೆ ಇರುವಷ್ಟು ಅವರ ಸ್ವಂತ ಮಕ್ಕಳಿಗೆ ಇಲ್ಲ. ಅಂಥದ್ದರಲ್ಲಿ ಊರಿಗೆ ಬಂದು ಲಾಡ್ಜಿನಲ್ಲಿ ಉಳಿದದ್ದು ಒಂದು ತಪ್ಪಾದರೆ, ಮನೆಗೆ ಕಾಲಿಡದೆ ಹೊರಟದ್ದು ಇನ್ನೊಂದು.

“ನೀನು ಬರುದಿಲ್ಲ ಅಂತಾದ್ರೆ ನಾನೇ ಬರ್ತೇನೆ” ಎಂದರು ಮಾವ. “ಮೂಡುಬಿದಿರೆಯಿಂದ ಏರ್‌ಪೋರ್ಟಿಗೆ ನಾನು ಬಿಡ್ತೇನೆ. ಮಾವ ಬದುಕಿರುವಾಗ ಟ್ಯಾಕ್ಸಿ ಗೀಕ್ಸಿ ಅಂತ ಹೇಳಿದ್ರೆ ನೋಡು.”

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಮಾವನ ಗದರಿಕೆ ಸ್ವಲ್ಪ ಮೆದುವಾಗಿದೆ ಎಂಬುದು ಓದುವವರಿಗೆ ಗೊತ್ತಿರಲಿ.

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಅತ್ತೆಯ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದರು. “ಗೇಟಿನ ಕಂಬಕ್ಕೆ ಕಾರು ಗುದ್ದಿದ್ದು ನಿನಗೆ ಹೇಳಿದ್ರಾ?”

“ಇಲ್ಲ.”

“ಹೇಳುದಿಲ್ಲ. ಕಂಬ ಕಟ್ಟಿದ್ದೇ ಸರಿ ಇಲ್ಲ ಅಂತೆ. ನಾನು ಮದುವೆಯಾಗಿ ಬಂದಾಗಿಂದ ಆ ಕಂಬ ಅಲ್ಲಿಯೇ ಉಂಟು.”

ವಿಷಯ ಕಣ್ಣಿನದ್ದು. ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ, ಹನಿ ಹಾಕಿ ಇರುವಷ್ಟನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಗಾಡಿ ಬಿಡಬಹುದೋ ಬಾರದೋ ಎಂದು ಹೇಳಲಿಲ್ಲವೇ ಎಂದು ಕೇಳಿದೆ. “ಕೇಳಿದ್ರೆ ಅಲ್ವಾ ಅವರು ಹೇಳುದು?” ಎಂದರು ಅತ್ತೆ. “ಕೇಳ್ಬೇಡ ಅಂತ ನನ್ನ ಕೈ ಜಿಗುಟಿದ್ರು. ನಾವು ಯಾರು ಹೇಳಿದ್ರೂ ಕೇಳುದಿಲ್ಲ. ನೀನು ಪಕ್ಕದಲ್ಲಿ ಕೂತು ಬರ್ತಿಯಲ್ಲ, ಸರಿಯಾಗಿ ನೋಡಿ ಹೇಳು. ಕೀ ತೆಗೆದಿಡ್ಬೇಕಾ ಬೇಡ್ವಾ? ನಿನ್ನ ಮಾತಾದ್ರೆ ಕೇಳ್ತಾರೆ.”

ಹಿಂದಿನಿಂದ ಮಾವನ ದನಿ ಕೇಳಿತು. ಫೋನು ಅವರ ಕೈಗೆ ಹೋಯಿತು. “ಆಯ್ತು, ಲಾಯರಮ್ಮನೇ ತೀರ್ಪು ಕೊಡ್ಲಿ. ನಿನ್ನನ್ನು ವಿಮಾನಕ್ಕೆ ಸರಿಯಾಗಿ ಮುಟ್ಟಿಸಿದ್ರೆ ಇನ್ನು ಈ ಮನೆಯಲ್ಲಿ ಕೀಯ ಸುದ್ದಿ ಎತ್ತಬಾರ್ದು. ವಿಮಾನ ತಪ್ಪಿದ್ರೆ ಕೀ ನಿನ್ನ ಅತ್ತೆಗೆ. ಕಾರು ಮಾರುದಾದ್ರೆ ಮಾರ್ಲಿ.”

ಮಾವ ಕುವೈತಿನಲ್ಲಿ ಯೌವನವೆಲ್ಲ ಟ್ರೈಲರ್ ಓಡಿಸಿದವರು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಡ್ರೈವರಣ್ಣ. ಅಕ್ಕಪಕ್ಕದ ಮನೆಗಳ ಬಾಣಂತಿಯರು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವರ ಕಾರಿನಲ್ಲಿ. ಆ ಕೀ ಹೋದರೆ ಅವರಿಂದ ಏನು ಹೋಗುತ್ತದೆ ಎಂಬುದನ್ನು ವಾದಿಸಿ ತೋರಿಸಬೇಕಾಗಿರಲಿಲ್ಲ. ನಾನು ಟ್ಯಾಕ್ಸಿ ಬೇಡವೆಂದೆ.

ಮಾರನೆಯ ದಿನ ಮಾವ ಹೇಳಿದ ಹೊತ್ತಿಗಿಂತ ತುಂಬ ಮೊದಲೇ ಸೊಸೈಟಿಯ ಅಂಗಳಕ್ಕೆ ಬಂದು ನಿಂತರು. ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಪಾಲಿಶ್ ಮಾಡಿದ ಬೂಟು, ಕಂಪೆನಿಯ ದೊಡ್ಡ ಸಾಹೇಬರನ್ನು ಕರೆದೊಯ್ಯಲು ಬಂದ ಹಾಗೆ. ಹಳೆಯ ಬಿಳಿ ಕಾರನ್ನು ತೊಳೆದು ತಂದಿದ್ದರು. ಎಡಗಡೆಯ ಬಾಗಿಲಿನ ಗೀರು ಮಾತ್ರ ತೊಳೆದರೆ ಹೋಗುವಂಥದ್ದಲ್ಲ. ಹಿಂದಿನ ಸೀಟಿನಲ್ಲಿ ಹೂವಿನ ಕವರಿನ ಒಂದು ತಲೆದಿಂಬು ಇತ್ತು. ನನಗೆ ಮಲಗಲಿಕ್ಕೆಂದು ಅತ್ತೆ ಕಳಿಸಿದ್ದಿರಬೇಕು ಎಂದುಕೊಂಡೆ.

ತಡವಾದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಲೆಕ್ಕಾಚಾರಕ್ಕೆ ಇದು ಬೇಕು. ಸಂಜೆಯ ಹಾಲಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು, ಕೊಬ್ಬು ಮೊದಲಿಗಿಂತ ಕಡಿಮೆ ಎಂದು ಯಂತ್ರ ತೋರಿಸಿದ್ದನ್ನು ಒಪ್ಪಲಿಲ್ಲ. “ದನ ಅದೇ, ಹುಲ್ಲು ಅದೇ, ಕರೆದ ಕೈಯೂ ಅದೇ. ನಿಮ್ಮ ಮೆಷಿನ್ ಒಂದೇ ಹೊಸತು ಮೇಡಂ” ಎಂದರು. ವಾದದಲ್ಲಿ ಎಲ್ಲಿಯೂ ಬಿರುಕು ಇರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಅವರ ಪರ. ಯಂತ್ರವನ್ನು ತೊಳೆದು, ಅದೇ ಹಾಲನ್ನು ಮತ್ತೆ ಹಾಕಿ, ಹಳೆಯ ಪದ್ಧತಿಯಲ್ಲಿಯೂ ಒಮ್ಮೆ ನೋಡಿ, ಎರಡೂ ಒಂದೇ ಎಂದು ತೋರಿಸುವ ಹೊತ್ತಿಗೆ ಸೂರ್ಯ ವಾಲಿದ್ದ. ಮಾವ ಕಾರಿನ ಬಾನೆಟ್ಟಿಗೆ ಒರಗಿ ನಿಂತು ಪಶ್ಚಿಮದ ಕಡೆ ನೋಡುತ್ತಿದ್ದರು. ಗಡಿಯಾರ ನೋಡುವವರು ಹಾಗೆ ಆಕಾಶ ನೋಡುವುದಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

“ಬಾ ಬಾ, ಬೇಗ ಹೊರಡುವ” ಎಂದು ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದರು. ನನ್ನ ತೊಡೆಯ ಮೇಲೆ ಒಂದು ಪ್ಯಾಕೆಟ್ ಇಟ್ಟರು. ಅಕ್ಕಿಯ ಗರಿಗರಿ ರೊಟ್ಟಿ, ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವಂಥದ್ದು. “ಅತ್ತೆ ಕೊಟ್ಟದ್ದು. ಕೈಯಲ್ಲೇ ಹಿಡ್ಕೋ. ನನ್ನ ಡ್ರೈವಿಂಗಿನಲ್ಲಿ ಒಂದು ರೊಟ್ಟಿ ತುಂಡಾದ್ರೂ ಕೇಳು ಮತ್ತೆ.”

ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಒಂದು ಕಡೆ ಗುಡ್ಡ ಕಡಿದು ಕೆಂಪು ಮಣ್ಣು, ಇನ್ನೊಂದು ಕಡೆ ಡಾಮರು ಕಾಣದ ಜಲ್ಲಿ, ನಡುವೆ ಎಲ್ಲಿಂದ ಎಲ್ಲಿಗೋ ತಿರುಗಿಸುವ ಬಾಣದ ಬೋರ್ಡುಗಳು. ಮಾವ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ನೇರ ಕೂತು ನಿಧಾನಕ್ಕೆ ಬಿಡುತ್ತಿದ್ದರು. ಹಿಂದಿನ ಬಸ್ಸು ಹಾರನ್ ಹೊಡೆದೇ ಹೊಡೆಯಿತು.

“ಮಾವ, ಅವನಿಗೆ ದಾರಿ ಬೇಕಂತೆ.”

“ಹಾರನ್ ಅಲ್ಲ ಅದು. ಡ್ರೈವರಣ್ಣನಿಗೆ ನಮಸ್ಕಾರ ಹೇಳ್ತಾ ಇದ್ದಾನೆ.”

“ಹೀಗೆ ಹೋದ್ರೆ ವಿಮಾನವೂ ನಮಸ್ಕಾರ ಹೇಳಿ ಹೋಗ್ತದೆ.”

“ಹಾಲಿಗೆ ನೀರು ಸೇರಿದೆಯಾ ಅಂತ ಗಂಟೆಗಟ್ಟಲೆ ನೋಡಿದವಳು ನೀನು. ಈಗ ನನ್ನನ್ನು ಓಡಿಸ್ತೀಯಾ ಮಾರಾಯ್ತಿ?”

ನೀರಲ್ಲ, ಕೊಬ್ಬು ಎಂದು ತಿದ್ದಲು ಬಾಯಿ ತೆರೆದವಳು ಹಾಗೆಯೇ ಸೀಟಿಗೆ ಒರಗಿದೆ. ಬೆನ್ನುಹುರಿಯ ಒಂದೊಂದು ಗಂಟೂ ಬೇರೆ ಬೇರೆಯಾಗಿ ನೋಯುತ್ತಿತ್ತು. ಮುಂಬಯಿಯಲ್ಲಿ ಮರುದಿನ ಬೆಳಿಗ್ಗೆಯೇ ಮೀಟಿಂಗು, ಅದಕ್ಕೊಂದು ವರದಿ, ಇನ್ನೂ ಬರೆದಿಲ್ಲ. ಬದುಕಿನಲ್ಲಿ ಇನ್ನು ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲದ ಒಂದು ಜಾಗವಿದ್ದರೆ ಅಲ್ಲಿಗೆ ಟಿಕೆಟ್ ತೆಗೆಯುತ್ತಿದ್ದೆ.

ಕೈಕಂಬಕ್ಕೆ ಮೊದಲು ರಸ್ತೆಯ ಬಲ ಅಂಚಿನಲ್ಲಿ ಒಂದು ದೈವದ ಕಾಣಿಕೆ ಡಬ್ಬಿ ಉಂಟು. ಆ ದಾರಿಯ ಡ್ರೈವರುಗಳೆಲ್ಲ ಅಲ್ಲಿ ಒಂದು ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. ನಾನು ಸಣ್ಣವಳಿದ್ದಾಗ ಮಾವ ಗಾಡಿಯನ್ನು ಡಬ್ಬಿಗೆ ತಾಗಿಯೂ ತಾಗದ ಹಾಗೆ ತಂದು, ಕಿಟಕಿಯಿಂದ ಕೈ ಚಾಚಿ, ನಿಲ್ಲಿಸದೆಯೇ ನಾಣ್ಯ ಹಾಕುತ್ತಿದ್ದರು. ಟಣ್ ಎಂಬ ಸದ್ದು ಬಂದ ಮೇಲೆ ಹಿಂದಿನ ಸೀಟಿನ ಮಕ್ಕಳ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು, ನಾವು ಚಪ್ಪಾಳೆ ಹೊಡೆಯಲಿ ಎಂದು.

ಆ ಸಂಜೆ ಅವರು ಡಬ್ಬಿಗಿಂತ ತುಂಬ ಹಿಂದೆಯೇ ಕಾರು ನಿಲ್ಲಿಸಿ ಕೆಳಗಿಳಿದರು.

“ಇದಕ್ಕೆಲ್ಲ ಹೊತ್ತಿಲ್ಲ ಮಾವ. ದೈವ ಅಪಘಾತ ತಪ್ಪಿಸುದಾದ್ರೆ ಈ ರಸ್ತೆಯಲ್ಲಿ ಇಷ್ಟು ಹಂಪ್ ಯಾಕೆ?”

“ಹಂಪ್ ಹಾಕಿದ್ದು ಇಲಾಖೆಯವರು. ಅವರಿಗೆ ದೈವದ ಮೇಲೆ ನಂಬಿಕೆ ಇಲ್ಲ, ನಿನ್ನ ಹಾಗೆ.”

“ಮೊದಲೆಲ್ಲ ಕಿಟಕಿಯಿಂದ ಹಾಕ್ತಿದ್ರಲ್ಲ?”

“ಕೂತಲ್ಲಿಂದ ಕೊಡುದು ಮರ್ಯಾದೆಯಾ?” ಎಂದು ಬಾಗಿಲು ಹಾಕಿ ನಡೆದರು. ಡಬ್ಬಿಯ ಹತ್ತಿರ ಹೋಗಿ ಎಡಗೈಯಿಂದ ಅದರ ಬಾಯಿಯನ್ನು ಮುಟ್ಟಿ ನೋಡಿ, ಆಮೇಲೆ ಬಲಗೈಯಿಂದ ನಾಣ್ಯ ಹಾಕಿದರು.

ನನ್ನ ಮಟ್ಟಿಗೆ ತೀರ್ಪು ಅಲ್ಲಿಗೆ ಮುಗಿದಿತ್ತು. ಅತ್ತೆಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ವಾದದಲ್ಲಿ ಎದುರಾಳಿ ತಾನಾಗಿಯೇ ಜಾರಿದಾಗ ಒಂದು ಖುಷಿ ಆಗುತ್ತದೆ. ಆ ಖುಷಿಗೆ ಕಾದೆ, ಬರಲಿಲ್ಲ.

ಕೈಕಂಬದಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಅದನ್ನು ದಾಟಿ ಬಜಪೆಯ ರಸ್ತೆಗೆ ತಿರುಗುವಾಗ ಅಂಗಡಿಗಳ ದೀಪ ಹತ್ತಿತ್ತು. ಎದುರಿನಿಂದ ಒಂದು ಲಾರಿ ದೊಡ್ಡ ಬೆಳಕು ಬಿಟ್ಟುಕೊಂಡು ಬಂತು. ಮಾವ ಬ್ರೇಕ್ ಒತ್ತಿ ಕಾರನ್ನು ಬದಿಗೆ ತಂದು ನಿಲ್ಲಿಸಿಬಿಟ್ಟರು. ಲಾರಿ ಹೋದ ಮೇಲೂ ಹೊರಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಧೂಳು” ಎಂದರು.

“ಹೌದು, ಧೂಳು” ಎಂದೆ.

ಕಾರು ಹೊರಟಿತು. ಸ್ವಲ್ಪ ಮುಂದೆ ಎಡಗಡೆ ಹಿಂದಿನ ಲೈಟಿಲ್ಲದ ಒಂದು ಸ್ಕೂಟರು. ನಾನು ಕಾದೆ. ಮಾವನ ಕಾಲು ಬ್ರೇಕಿನ ಕಡೆ ಹೋಗಲಿಲ್ಲ. “ಎಡಕ್ಕೆ ಸ್ಕೂಟರ್ ಉಂಟು” ಎಂದೆ, ಹವೆಯ ಬಗ್ಗೆ ಮಾತಾಡುವ ದನಿಯಲ್ಲಿ. “ಹ್ಞೂಂ” ಎಂದು ಅವರು ಬಲಕ್ಕೆ ಸರಿದರು. ಆಮೇಲೆ ಹಂಪ್ ಎಂದೆ. ಹ್ಞೂಂ. ಬದಿಯಲ್ಲಿ ಜನ ನಡೀತಿದ್ದಾರೆ ಎಂದೆ. ಹ್ಞೂಂ. ಅವರು ಕೇಳಲಿಲ್ಲ, ನಾನು ವಿವರಿಸಲಿಲ್ಲ. ಹಿಡಿದ ರೊಟ್ಟಿಯ ಪ್ಯಾಕೆಟ್ ನನ್ನ ಬೆವರಿಗೆ ಒದ್ದೆಯಾಗಿತ್ತು. ಗಾಡಿ ನಿಲ್ಲಿಸಿ ಎಂದು ಹೇಳಬೇಕಾದ ಮಾತು ಬಾಯಿಯವರೆಗೆ ಬಂದು ಬಂದು, ಅದರ ಜಾಗದಲ್ಲಿ ಪ್ರತಿ ಸಲವೂ ಮುಂದಿನ ಹಂಪಿನ ಮಾತು ಹೊರಬೀಳುತ್ತಿತ್ತು. ನನಗೆ ಗಾಡಿ ಬಿಡಲು ಬರುವುದಿಲ್ಲ. ಬಂದಿದ್ದರೆ ಅವರು ಸೀಟು ಬಿಟ್ಟುಕೊಡುತ್ತಿದ್ದರೇ ಎಂಬುದು ಬೇರೆ ಚರ್ಚೆ.

ಬಜಪೆ ಬಂದಾಗ ಇನ್ನೇನು ಮುಟ್ಟಿದೆವು ಎಂದು ಕಣ್ಣು ಮುಚ್ಚಿದೆ. ತೆರೆದಾಗ ಕಾರು ಒಂದು ಗೇಟಿನ ಮುಂದೆ ನಿಂತಿತ್ತು. ಕಾವಲಿನವನೊಬ್ಬ ಕಿಟಕಿಗೆ ಬಗ್ಗಿದ. “ಎಲ್ಲಿಗೆ?”

“ಏರ್‌ಪೋರ್ಟಿಗೆ” ಎಂದರು ಮಾವ.

“ಇದು ಹಳೇದು. ಇಲ್ಲಿಂದ ಪ್ಯಾಸೆಂಜರ್ ಹೋಗದೆ ಎಷ್ಟೋ ವರ್ಷ ಆಯ್ತು. ಕೆಂಜಾರಿನ ಕಡೆಯಿಂದ ಹೋಗ್ಬೇಕು.”

ಇದು ಮಾವನಿಗೆ ಗೊತ್ತಿಲ್ಲದ್ದಲ್ಲ. ಹೊಸ ನಿಲ್ದಾಣದಿಂದ ಅವರೇ ಎಷ್ಟೋ ಜನರನ್ನು ಕರೆತಂದಿದ್ದಾರೆ. ಆದರೆ ರಜೆ ಮುಗಿದು ಕುವೈತಿಗೆ ಮರಳುವಾಗೆಲ್ಲ ಬೊಂಬಾಯಿಯ ವಿಮಾನ ಹಿಡಿಯಲು ಅವರು ಬಂದಿಳಿದದ್ದು ಈ ಗೇಟಿಗೆ. ನಾನು ಅಮ್ಮನ ಸೊಂಟದಲ್ಲಿ ಕೂತು ಅವರಿಗೆ ಕೈಬೀಸಿದ್ದೂ ಇಲ್ಲಿಯೇ ಅಂತೆ. ನಮ್ಮ ಕಡೆಯ ಗಲ್ಫಿನವರು ಯಾರೇ ಆಗಲಿ, ನಿದ್ದೆಯಲ್ಲಿ ನಡೆಸಿದರೂ ಈ ಗೇಟಿಗೇ ಬಂದು ನಿಲ್ಲುತ್ತಾರೇನೋ.

“ಕೈ ತನ್ನಷ್ಟಕ್ಕೆ ತಿರುಗಿತು” ಎಂದರು ಮಾವ. “ಇದು ಕಣ್ಣಿನದ್ದಲ್ಲ.”

“ಅಲ್ಲ” ಎಂದೆ. ನಿಜವಾಗಿಯೂ ಅಲ್ಲ. ಆದರೆ ಕಣ್ಣಿನದ್ದು ಯಾವುದು ಎಂಬುದು ಆಗ ನಮ್ಮಿಬ್ಬರಿಗೂ ಗೊತ್ತಿತ್ತು.

ಇಳಿಜಾರು ಇಳಿದು, ಕೆಂಜಾರಿನಿಂದ ಮತ್ತೆ ಗುಡ್ಡ ಹತ್ತಿದೆವು. ತಿರುವು, ಹಂಪ್, ಎದುರು ಬೆಳಕು ಎಂದು ನಾನು ಹೇಳುತ್ತಾ ಹೋದೆ. ನಿಲ್ದಾಣದ ಬಾಗಿಲಲ್ಲಿ ಕಾರು ನಿಂತಿತು. ಕೌಂಟರ್ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಮಾವ ಇಳಿದು, ಅಂಗಿ ಸರಿ ಮಾಡಿಕೊಂಡು, ಪೆಟ್ಟಿಗೆ ತೆಗೆದು ತಳ್ಳುಗಾಡಿಯ ಮೇಲೆ ಇಟ್ಟರು.

“ಮುಟ್ಟಿಸಿದೆನಾ ಇಲ್ವಾ?”

“ಮುಟ್ಟಿಸಿದ್ರಿ.”

“ಮತ್ತೆ? ಹೋಗು. ಅತ್ತೆಗೆ ಫೋನು ಮಾಡಿ ಹೇಳು.”

ಲ್ಯಾಪ್‌ಟಾಪಿನ ಚೀಲ ತೆಗೆಯಲು ಹಿಂದಿನ ಬಾಗಿಲು ತೆರೆದೆ. ತಲೆದಿಂಬು ಜಾರಿ ಬಿತ್ತು. ಅದರ ಹಿಂದೆ ಮಡಚಿದ ಹೊದಿಕೆ, ಒಂದು ಲುಂಗಿ, ನೀರಿನ ಬಾಟ್ಲಿ, ಕಣ್ಣಿಗೆ ಹಾಕುವ ಹನಿಯ ಪುಟ್ಟ ಡಬ್ಬ. ನನಗೆಂದು ಯಾರೂ ಲುಂಗಿ ಕಳಿಸುವುದಿಲ್ಲ.

“ಮಾವ, ವಾಪಸು ಹೇಗೆ ಹೋಗ್ತೀರಿ?”

“ಬಂದ ಹಾಗೆ.”

“ಬರುವಾಗ ಪಕ್ಕದಲ್ಲಿ ನಾನಿದ್ದೆ.”

ಅವರು ಬಾಗಿಲಿನ ಗೀರನ್ನು ಹೆಬ್ಬೆರಳಿನಿಂದ ತಿಕ್ಕಿದರು. “ಹೋಗುದಿಲ್ಲ. ಪಾರ್ಕಿಂಗಿನಲ್ಲಿ ಮಲಗ್ತೇನೆ. ಬೆಳಕಾದ ಮೇಲೆ ಹೋಗ್ತೇನೆ. ಕುವೈತಿನಲ್ಲಿ ಕ್ಯಾಬಿನಲ್ಲಿ ಮಲಗಿದ್ದು ಕಡಿಮೆಯಾ?”

“ಅತ್ತೆಗೆ?”

“ವಿಮಾನ ಲೇಟು, ಅವಳ ಜೊತೆ ಕೂತಿದ್ದೇನೆ ಅಂತ ಹೇಳುದು.”

“ಸುಳ್ಳಲ್ವಾ?”

“ನೀನೇನು ಚರ್ಚೆಯಲ್ಲಿ ಸತ್ಯ ಹೇಳಿ ಗೆಲ್ಲುದಾ?”

ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮನೆಯಿಂದ ಹೊರಡುವಾಗಲೇ ದಿಂಬು ಇಟ್ಟುಕೊಂಡಿದ್ದರು. ಕತ್ತಲಾದರೆ ತನ್ನಿಂದ ಆಗದು ಎಂಬುದು ನಮಗೆಲ್ಲರಿಗಿಂತ ಮೊದಲು ಗೊತ್ತಿದ್ದದ್ದು ಅವರಿಗೆ. ಸೊಸೈಟಿಯ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದದ್ದು ಅದಕ್ಕೇ. ಬೆಳಕಿನಲ್ಲೇ ಮುಟ್ಟಿಸುವ ಲೆಕ್ಕ ಹಾಕಿ ಬಂದಿದ್ದರು, ನಾನು ಹಾಲಿನ ಮುಂದೆ ಹೊತ್ತು ಕಳೆದೆ. ಆಮೇಲೆ ಟ್ಯಾಕ್ಸಿ ಹಿಡಿ ಎನ್ನಲು ಅವರ ನಾಲಿಗೆ ಏಳಲಿಲ್ಲ.

“ಅತ್ತೆಗೆ ಎಲ್ಲ ಹೇಳ್ತೇನೆ” ಎಂದೆ. “ದಿಂಬಿನ ವಿಷಯವನ್ನೂ.”

“ಅದು ಹೇಳಿದ್ರೆ ಕೀ ಹೋಯ್ತು.” ಅವರ ದನಿ ಇಳಿದಿತ್ತು. ಅಷ್ಟು ಹೊತ್ತು ಹೆಗಲ ಮೇಲೆ ಹೊತ್ತಿದ್ದ ವಯಸ್ಸು ಆಗ ಮುಖಕ್ಕೆ ಬಂತು. “ಹಗಲು ನನಗೆ ಕಾಣ್ತದೆ ಮಗಾ. ನಿನ್ನಾಣೆ ಕಾಣ್ತದೆ. ಅದನ್ನೂ ತೆಗೀತಾರೆ ಮನೆಯವರು.”

“ತೆಗೆಯುದಿಲ್ಲ. ಕಾಣದಿದ್ರೂ ಓಡಿಸ್ತೇನೆ ಅನ್ನುವವರಿಂದ ಕೀ ತೆಗೀಬೇಕು. ಇವತ್ತು ಕತ್ತಲಲ್ಲಿ ಓಡಿಸಿದ್ದು ತಪ್ಪು, ನಾನು ಸುಮ್ಮನೆ ಕೂತದ್ದೂ ತಪ್ಪು. ಆದ್ರೆ ದಿಂಬು ಕಟ್ಟಿಕೊಂಡು ಬರುವವರಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತುಂಟು. ಅತ್ತೆಯ ಎದುರು ನಿಮ್ಮ ಪರ ಹೇಳ್ಲಿಕ್ಕೆ ನನ್ನ ಹತ್ತಿರ ಇರುದು ಈ ದಿಂಬು ಒಂದೇ. ಅದನ್ನು ಹೇಳ್ಬೇಡ ಅಂದ್ರೆ ನಾನು ಸೋಲ್ತೇನೆ.”

ಸೆಕ್ಯುರಿಟಿಯವ ಸೀಟಿ ಊದಿ ಗಾಡಿ ತೆಗೆಯಲು ಕೈ ಮಾಡಿದ. ಮಾವ ನನ್ನನ್ನೇ ನೋಡಿದರು. “ನಿನಗೆ ಊಟ ಹಾಕಿ ಬೆಳೆಸಿದ್ದು ಇದಕ್ಕಾ?” ಎಂದು ಕಾರು ಹತ್ತಿದರು. ಬೇಡ ಎನ್ನಲಿಲ್ಲ. ದೀಪಗಳ ಸಾಲಿನಡಿಯಲ್ಲಿ ಕಾರು ಎದುರಿನ ಪಾರ್ಕಿಂಗಿಗೆ ಹೋಗಿ, ಎರಡು ಸಲ ಹಿಂದೆ ಮುಂದೆ ಮಾಡಿ ನಿಂತಿತು. ಒಳಗಿನ ದೀಪ ಹತ್ತಿ ಆರಿದ ಮೇಲೆ ನಾನು ಒಳಗೆ ಹೋದೆ.

ತಪಾಸಣೆಯ ಸಾಲಿನಲ್ಲಿ ನಿಂತು ಅತ್ತೆಗೆ ಫೋನು ಮಾಡಿದೆ. ಲಾರಿಯ ಬೆಳಕು, ಸ್ಕೂಟರು, ಹಳೆಯ ಗೇಟು, ನನ್ನಿಂದಾದ ತಡ, ಒಂದನ್ನೂ ಬಿಡದೆ ಹೇಳಿದೆ. ಕೊನೆಗೆ ದಿಂಬು. ಅತ್ತೆ ಕೇಳಿದರು, “ಯಾವ ದಿಂಬು? ಹೂವಿನ ಕವರಿನದ್ದಾ?”

“ಹೌದು.”

“ಅದು ನೆಂಟರಿಗೆ ಅಂತ ಇಟ್ಟದ್ದು.” ಮೂಗು ಎಳೆದುಕೊಂಡ ಸದ್ದು ಕೇಳಿತು. “ಊಟ ಮಾಡಿದ್ದಾರಾ?”

“ಇಲ್ಲ ಕಾಣ್ತದೆ.”

“ನಾನು ಫೋನು ಮಾಡ್ತೇನೆ. ನೀನು ಹೋಗು. ಹಗಲಿಗೆ ಕೀ ಅವರ ಹತ್ತಿರವೇ ಇರ್ಲಿ. ದೀಪ ಹಚ್ಚಿದ ಮೇಲೆ ನನ್ನ ಹತ್ತಿರ. ಡಾಕ್ಟರ ಹತ್ತಿರ ಈ ಸಲ ಕೇಳಿಯೇ ಕೇಳ್ತೇನೆ, ಜಿಗುಟಿದ್ರೆ ಜಿಗುಟ್ಲಿ.”

ವಿಮಾನದಲ್ಲಿ ಏನೂ ಬರೆಯಲಾಗಲಿಲ್ಲ. ರೊಟ್ಟಿಯ ಪ್ಯಾಕೆಟನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದೆ. ಇಳಿದಾಗ ಅರ್ಧಕ್ಕರ್ಧ ಪುಡಿ. ಅದರ ಹೊಣೆ ಮಾವನದ್ದಲ್ಲ.

ಮರುದಿನ ಮೀಟಿಂಗಿಗೆ ಹೋಗುವ ದಾರಿಯಲ್ಲಿ ಅವರ ಫೋನು ಬಂತು. ಹಿಂದೆ ಪಾತ್ರೆಗಳ ಸದ್ದು, ಅತ್ತೆ ಯಾರಿಗೋ ಏನೋ ಹೇಳುವುದು ಕೇಳುತ್ತಿತ್ತು.

“ಮುಟ್ಟಿದೆ. ಕಂಬಕ್ಕೂ ತಾಗ್ಲಿಲ್ಲ.”

“ಒಳ್ಳೇದಾಯ್ತು ಮಾವ.”

“ನಿನ್ನ ತೀರ್ಪು ಒಪ್ಪಿದ್ದೇನೆ. ದೀಪ ಹಚ್ಚುವಾಗ ಕೀ ಅವಳ ಕೈಗೆ.” ಮಾವ ದನಿ ತಗ್ಗಿಸಿದರು. “ಆದ್ರೆ ಮಳೆಗಾಲದಲ್ಲಿ ಮೋಡ ಕಂಡ್ರೆ ಸಾಕು, ಮಧ್ಯಾಹ್ನವೇ ದೀಪ ಹಚ್ತಾಳೆ ಇವಳು. ಅದಕ್ಕೊಂದು ವಾದ ಈಗಲೇ ಹುಡುಕಿ ಇಡು.”